ತೊರೂನ್: ವಿಸ್ತುಲಾ ದಡದ ಇಟ್ಟಿಗೆಯ ಊರು

ಮೊದಲ ದಿನ: ಎಡದಂಡೆಯಿಂದ ಊರೊಳಗೆ

ಪೋಲೆಂಡಿನ ರಾಜಧಾನಿ ವಾರ್ಸಾದಿಂದ ರೈಲಿನಲ್ಲಿ ಎರಡೂವರೆ-ಮೂರು ಗಂಟೆಯ ಹಾದಿ. ಅಕ್ಟೋಬರಿನಲ್ಲಿ ಎರಡೂ ಬದಿಗೆ ಉತ್ತ ಹೊಲ, ನಡುನಡುವೆ ಪೈನ್ ಕಾಡು. ತೊರೂನ್‌ಗೆ ಹೋಗುವವರು ಮೊದಲು ತಿಳಿದಿರಬೇಕಾದದ್ದು ನಿಲ್ದಾಣದ ವಿಷಯ. 'ತೊರೂನ್ ಗ್ವುವ್ನಿ' ಹೆಸರಿಗೆ ಮುಖ್ಯ ನಿಲ್ದಾಣ, ಆದರೆ ಇರುವುದು ನದಿಯ ಎಡದಂಡೆಯಲ್ಲಿ. ಹಳೇ ಊರು ಇರುವುದು ಆಚೆ ದಂಡೆಯಲ್ಲಿ. 1860ರ ದಶಕದಲ್ಲಿ ಪಶ್ಚಿಮದ ಬಿಡ್ಗೋಷ್ಚ್ ನಗರದ ಕಡೆಯಿಂದ ರೈಲುಹಳಿ ಬಂದಾಗ ಇಲ್ಲಿ ನದಿಗೆ ರೈಲು ಸೇತುವೆ ಇರಲಿಲ್ಲ. ಅದು ಆದದ್ದು 1873ರಲ್ಲಿ. ನಿಲ್ದಾಣ ಮಾತ್ರ ಮೊದಲು ಕಟ್ಟಿದ ಕಡೆಯಲ್ಲೇ ಉಳಿಯಿತು. ನಿಮ್ಮ ರೈಲು ಸೇತುವೆ ದಾಟಿ 'ತೊರೂನ್ ಮಿಯಾಸ್ತೊ' ನಿಲ್ದಾಣಕ್ಕೂ ಹೋಗುವುದಾದರೆ ಅಲ್ಲೇ ಇಳಿಯಿರಿ, ಅಲ್ಲಿಂದ ಹಳೇ ಊರು ನಡಿಗೆಯ ದೂರ. ಸೇತುವೆಯ ಮೇಲೆ ಎಡಗಡೆಯ ಕಿಟಕಿಯಲ್ಲಿ ಕೂತರೆ ಇಡೀ ಊರು ಕಾಣುತ್ತದೆ.

ನಾವು ಬೇಕೆಂದೇ ಎಡದಂಡೆಯಲ್ಲಿ ಇಳಿದೆವು. ತೊರೂನ್ ಕಟ್ಟಿದವರು ಊರಿನ ಮುಖವನ್ನು ಹೊಳೆಯ ಕಡೆಗೆ ಇಟ್ಟಿದ್ದಾರೆ. ಆದ್ದರಿಂದ ಮೊದಲು ಎದುರು ದಂಡೆಯಿಂದ ಅದನ್ನು ನೋಡಬೇಕು, ಆಮೇಲೆ ಒಳಗೆ ಹೋಗಬೇಕು. ನಿಲ್ದಾಣದಿಂದ ಕೆಂಪಾ ಬಜಾರೋವಾ ಎಂಬ ನಡುಗಡ್ಡೆಯ ಕಡೆಗೆ ನಡೆದರೆ ನೀರವಂಜಿ, ಪಾಪ್ಲರ್ ಮರಗಳ ತೇವದ ಕಾಡು ಸಿಗುತ್ತದೆ. ಅದು ಸಂರಕ್ಷಿತ ಪ್ರದೇಶ. ಅದರ ಅಂಚಿನಲ್ಲಿ ನೋಟಕ್ಕೆಂದೇ ಕಟ್ಟಿದ ಜಗಲಿಯಿದೆ. ಊರು ಇಲ್ಲಿಂದ ಉತ್ತರಕ್ಕಿರುವುದರಿಂದ ದಿನವಿಡೀ ಬಿಸಿಲು ಅದರ ಮುಖದ ಮೇಲೇ ಬೀಳುತ್ತದೆ, ಫೋಟೊ ತೆಗೆಯುವವರಿಗೆ ಹೊತ್ತು ನೋಡಿಕೊಂಡು ಕಾಯುವ ಗೋಜಿಲ್ಲ. ಬೆಳಗಿನ ಮಂಜು ಮಾತ್ರ ಹತ್ತು ಗಂಟೆಯಾದರೂ ಕರಗದೆ ಇರಬಹುದು. ನಾವು ಹೋದಾಗಲೂ ಮೊದಲು ಕಂಡದ್ದು ಗೋಪುರಗಳ ತುದಿ ಮಾತ್ರ. ಮಂಜು ತೆಳುವಾದಂತೆ ಚರ್ಚುಗಳ ಬೃಹತ್ ಛಾವಣಿಗಳು, ಕೊನೆಗೆ ನೀರಂಚಿನ ಕೋಟೆಗೋಡೆ ಕಂಡವು. ಎಲ್ಲವೂ ಕೆಂಪು ಇಟ್ಟಿಗೆ. ಈ ಬಯಲಿನಲ್ಲಿ ಕಟ್ಟಡಕ್ಕಾಗುವ ಕಲ್ಲಿಲ್ಲ, ಹಿಮನದಿಗಳು ಎಳೆತಂದು ಬಿಟ್ಟುಹೋದ ಗುಂಡುಕಲ್ಲುಗಳಷ್ಟೇ. ಅವು ಅಡಿಪಾಯಕ್ಕೆ ಹೋದವು. ಮೇಲಿನದೆಲ್ಲ ಸುಟ್ಟ ಮಣ್ಣು.

ಜಗಲಿಯ ಕೆಳಗೆ ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರು ನೀರಿನ ಕಡೆ ಕೈ ತೋರಿಸಿ, "ಈಗ ಮರಳು ಕಾಣ್ತಿದೆಯಲ್ಲ, ಸಂಜೆಗೆ ಬನ್ನಿ, ಮುಳುಗಿರುತ್ತೆ" ಎಂದರು. ಮಳೆಯೇ ಇಲ್ಲದೆ ನೀರು ಏರುವುದಕ್ಕೆ ಕಾರಣ ಮೇಲಿರುವ ವ್ವೊತ್ಸ್ವಾವೆಕ್ ಅಣೆಕಟ್ಟು. 1970ರಲ್ಲಿ ಮುಗಿದ ಈ ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಿಸಲು ನೀರು ಬಿಟ್ಟಾಗ ಇಲ್ಲಿ ಮಟ್ಟ ಏರಿಳಿಯುತ್ತದೆ. ಹೂಳು ಅಣೆಕಟ್ಟಿನ ಹಿಂದೆಯೇ ನಿಲ್ಲುವುದರಿಂದ ಕೆಳಗಿನ ಹೊಳೆ ತನ್ನ ತಳವನ್ನೇ ಕೊರೆಯುತ್ತ ಸಾಗುತ್ತದೆ. 1047 ಕಿ.ಮೀ. ಹರಿಯುವ ಈ ನದಿಗೆ ಇಲ್ಲಿನವರ ಬಾಯಲ್ಲಿ 'ವಿಸ್ವಾ' ಎಂದೇ ಹೆಸರು. ಮರಳದಿಬ್ಬಗಳ ಮೇಲೆ ಇಳಿದು ನಡೆಯುವ ಆಸೆ ಬೇಡ, ನೀರು ಸದ್ದಿಲ್ಲದೆ ಏರುತ್ತದೆ.

ಈ ಹೊಳೆಯ ಮುನಿಸನ್ನು ಊರು ಹುಟ್ಟುವಾಗಲೇ ಕಂಡಿತ್ತು. ಟ್ಯೂಟಾನಿಕ್ ಪಂಥದ ಯೋಧ ಸನ್ಯಾಸಿಗಳು 1233ರಲ್ಲಿ ಊರಿಗೆ ಸನ್ನದು ಕೊಟ್ಟದ್ದು ಈ ಜಾಗಕ್ಕಲ್ಲ, ಪಶ್ಚಿಮಕ್ಕೆ, ಹೊಳೆಯ ಇಳಿಜಾರಿನಲ್ಲಿದ್ದ ಇನ್ನೊಂದು ಜಾಗಕ್ಕೆ. ಅಲ್ಲಿ ಪದೇಪದೇ ನೆರೆ ನುಗ್ಗಿದ್ದರಿಂದ 1236ರಲ್ಲಿ ಇಡೀ ಊರನ್ನು ಈಗಿನ ಎತ್ತರದ ದಂಡೆಗೆ ಎತ್ತಿಟ್ಟರು.

ಸೇತುವೆಯನ್ನು ನಡೆದೇ ದಾಟಿ. ಈ ರಸ್ತೆ ಸೇತುವೆ 1934ರದು, ಪೋಲೆಂಡಿನ ನಾಯಕ ಪಿವ್ಸುದ್‌ಸ್ಕಿ ಹೆಸರಿನದು, ಆದರೆ ಅದರ ಉಕ್ಕಿನ ಕಮಾನುಚೌಕಟ್ಟುಗಳು ಅದಕ್ಕಿಂತ ಹಳೆಯವು. ಮೊದಲ ಮಹಾಯುದ್ಧದ ನಂತರ ಗಡಿಗಳು ಬದಲಾದಾಗ ಹೊಳೆಯ ಕೆಳಭಾಗದ ಒಪಾಲೆನ್ಯೆ ಎಂಬಲ್ಲಿದ್ದ ದೊಡ್ಡ ಸೇತುವೆಗೆ ಹೋಗಿಬರುವವರೇ ಇಲ್ಲವಾದರು. ಅದನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು. 1939ರಲ್ಲಿ ಹಿಮ್ಮೆಟ್ಟುವ ಪೋಲಿಷ್ ಸೈನ್ಯ ಇದನ್ನು ಸಿಡಿಸಿತು, 1945ರಲ್ಲಿ ಜರ್ಮನ್ನರು ಮತ್ತೆ ಸಿಡಿಸಿದರು. ಸೇತುವೆಯ ಮೇಲೆ ಗಾಳಿ ಜೋರು; ಟೋಪಿಯನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಒಳ್ಳೆಯದು.

ಬಲದಂಡೆಗೆ ಬಂದ ಮೇಲೆ ರಸ್ತೆಯಿಂದ ನೇರ ಚೌಕಕ್ಕೆ ಹೋಗದೆ ಮೆಟ್ಟಿಲಿಳಿದು ನೀರಂಚಿನ ಹಾದಿ ಹಿಡಿಯಿರಿ. ನೆಲದ ಕಡೆಯ ಕೋಟೆಗೋಡೆಯ ಬಹುಭಾಗವನ್ನು 19ನೆಯ ಶತಮಾನದಲ್ಲಿ ಊರನ್ನಾಳುತ್ತಿದ್ದ ಪ್ರಷ್ಯಾ ಎಂಬ ಜರ್ಮನ್ ರಾಜ್ಯದವರು ಕೆಡವಿದರು. ಹೊಳೆಯ ಕಡೆಯದು ಮಾತ್ರ ಉಳಿದಿದೆ, ಮೂರು ಹೆಬ್ಬಾಗಿಲುಗಳ ಸಮೇತ. ಮಠದ ಬಾಗಿಲು, ನಾವಿಕರ ಬಾಗಿಲು, ಸೇತುವೆ ಬಾಗಿಲು. ಮಠದ ಬಾಗಿಲ ಕಮಾನಿನ ಒಳಬದಿಗೆ ಕತ್ತೆತ್ತಿ ನೋಡಿದರೆ ಮೇಲಿನಿಂದ ಇಳಿಬಿಡುತ್ತಿದ್ದ ಜಾಲರಿಬಾಗಿಲು ಜಾರುತ್ತಿದ್ದ ಸೀಳು ಕಾಣುತ್ತದೆ. 1432ರ ಸೇತುವೆ ಬಾಗಿಲಿಗೆ ಮೂಲೆಗಳೇ ಇಲ್ಲ, ಅವನ್ನು ಗುಂಡಗೆ ಕಟ್ಟಿದ್ದಾರೆ. ಅದರ ಎದುರಿಗೆ 1500ರ ಹೊತ್ತಿಗೆ ಮರದ ಸೇತುವೆಯೊಂದು ಆಯಿತು; ವಿಸ್ತುಲಾ ನದಿಗೆ ಆ ಕಾಲದಲ್ಲಿ ಶಾಶ್ವತ ಸೇತುವೆ ಎಂಬುದೇ ಅಪರೂಪ.

ಗೋಡೆಯ ಇಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ಸುಮಾರು 30 ಸೆಂ.ಮೀ. ಉದ್ದ, 14 ಅಗಲ, 9 ದಪ್ಪ. ಇಂದಿನ ಇಟ್ಟಿಗೆಗಿಂತ ಗಾತ್ರದಲ್ಲೂ ತೂಕದಲ್ಲೂ ದೊಡ್ಡದು. ಹಳೆಯ ಸಾಲುಗಳಲ್ಲಿ ಎರಡು ಉದ್ದಿಟ್ಟಿಗೆಗೆ ಒಂದು ಅಡ್ಡಿಟ್ಟಿಗೆ, ಆಮೇಲಿನ ಕಟ್ಟಡಗಳಲ್ಲಿ ಒಂದು ಬಿಟ್ಟು ಒಂದು. ಗೋಡೆಯ ಎರಡು ಭಾಗಗಳಲ್ಲಿ ಯಾವುದು ಮೊದಲಿನದು ಎಂದು ಇದರಿಂದಲೇ ಬಹುಮಟ್ಟಿಗೆ ಅಂದಾಜು ಮಾಡಬಹುದು. ಕೆಲವು ಇಟ್ಟಿಗೆಗಳ ಮೇಲೆ ಉದ್ದುದ್ದ ಗೀರುಗಳಿರುತ್ತವೆ. ಹಸಿ ಮಣ್ಣನ್ನು ಅಚ್ಚಿನಲ್ಲಿ ತುಂಬಿದವನು ಮೇಲ್ಮೈ ಮೇಲೆ ಬೆರಳೆಳೆದ ಗುರುತು ಅದು.

ಸಂಜೆ ಕೋಟೆಯ ಅವಶೇಷಕ್ಕೆ. ಟ್ಯೂಟಾನಿಕ್ ಪಂಥದ ಕೋಟೆಗಳು ಸಾಮಾನ್ಯವಾಗಿ ಚೌಕಾಕಾರದವು, ಇದು ಲಾಳದ ಆಕಾರದ್ದು, ಹಳೆಯ ನೆಲೆಯೊಂದರ ದಿಬ್ಬವನ್ನು ಅನುಸರಿಸಿ ಕಟ್ಟಿದ್ದು. 1454ರ ಫೆಬ್ರವರಿಯಲ್ಲಿ ಊರಿನ ವರ್ತಕರು ಮತ್ತು ಕಸುಬುದಾರರು ದಂಗೆಯೆದ್ದು ಇದನ್ನು ವಶಮಾಡಿಕೊಂಡರು. ವಶಮಾಡಿಕೊಂಡು ಸುಮ್ಮನಾಗಲಿಲ್ಲ, ಕೆಡವಿದರು. ಮುಂದೆ ಯಾವ ಒಡೆಯನೂ ಅಲ್ಲಿ ಕೂತು ಊರನ್ನು ಹೆದರಿಸಬಾರದಲ್ಲ! ಮುಂದಿನ ಶತಮಾನಗಳಲ್ಲಿ ಆ ಜಾಗ ಊರಿನ ಕಸದ ಗುಂಡಿಯಾಯಿತು. ಅಗೆದು ತೆರವು ಮಾಡಿದ್ದು 20ನೆಯ ಶತಮಾನದಲ್ಲಿ. ಎತ್ತರಕ್ಕೆ ಉಳಿದಿರುವುದು ಕಮಾನು ಸೇತುವೆಯ ತುದಿಯ ಗೋಪುರ ಮಾತ್ರ. ಅದು ಸನ್ಯಾಸಿಗಳ ಶೌಚಗೃಹ; ಕೆಳಗೆ ತೊರೆ ಹರಿಯುತ್ತಿತ್ತು.

ಎರಡನೆಯ ದಿನ: ಚೌಕ, ಗಂಟೆ, ಜೇನಿನ ಬಿಸ್ಕತ್ತು

ಭಾನುವಾರ. ಪೋಲೆಂಡಿನಲ್ಲಿ ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ನೀರು, ಹಣ್ಣು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು. ಮ್ಯೂಸಿಯಂಗಳು ಸಾಮಾನ್ಯವಾಗಿ ಸೋಮವಾರ ರಜೆ, ಹಾಗಾಗಿ ಒಳಗೆ ನೋಡುವುದನ್ನೆಲ್ಲ ಇಂದೇ ಇಟ್ಟುಕೊಂಡೆವು. ರಾತ್ರಿಯ ಮಳೆಗೆ ಉರುಟುಕಲ್ಲಿನ ಬೀದಿಗಳು ಜಾರುತ್ತಿದ್ದವು. ತೆಳು ಅಟ್ಟೆಯ ಶೂ ಇಲ್ಲಿಗೆ ಹೊಂದುವುದಿಲ್ಲ, ಗಾಲಿಯ ಸೂಟ್‌ಕೇಸಿನ ಗಾಲಿ ಈ ಕಲ್ಲುಗಳ ಸಂದಿಯಲ್ಲಿ ಸಿಕ್ಕಿ ಮುರಿಯುತ್ತದೆ. ನಮ್ಮ ಗುಂಪಿನ ಒಂದು ಗಾಲಿ ಹಿಂದಿನ ಸಂಜೆಯೇ ಹೋಗಿತ್ತು.

ಚೌಕದ ನಡುವೆ ಹಳೆಯ ಪುರಭವನ. 1391ರಿಂದ 1399ರವರೆಗೆ ಕಟ್ಟಿದ್ದು. ಬಟ್ಟೆ ಮಳಿಗೆ, ಬ್ರೆಡ್ಡಿನ ಕಟ್ಟೆ, ತಕ್ಕಡಿ ಮನೆ, ನ್ಯಾಯಸ್ಥಾನ ಇವೆಲ್ಲ ಬೇರೆ ಬೇರೆಯಾಗಿದ್ದವು. ಒಂದೇ ಅಂಗಳದ ಸುತ್ತ ಒಂದೇ ಕಟ್ಟಡದೊಳಗೆ ಅವನ್ನು ಸೇರಿಸಿದರು. 1600ರ ಆಸುಪಾಸಿನಲ್ಲಿ ಮೇಲೊಂದು ಅಂತಸ್ತು, ಮೂಲೆಗೋಪುರಗಳು ಬಂದವು. 1703ರಲ್ಲಿ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ಊರಿಗೆ ಮುತ್ತಿಗೆ ಹಾಕಿದಾಗ ಫಿರಂಗಿ ಗುಂಡಿಗೆ ಒಳಗೆಲ್ಲ ಸುಟ್ಟುಹೋಯಿತು. ಗೋಪುರ ಹತ್ತಬಹುದು. ಮೆಟ್ಟಿಲು ಇಕ್ಕಟ್ಟು, ಇಳಿಯುವವರಿಗೆ ದಾರಿ ಬಿಡಲು ಜಾಗ ಕಡಿಮೆ, ಬೆನ್ನಚೀಲವನ್ನು ಎದೆಯ ಮೇಲೆ ಹಾಕಿಕೊಂಡು ಹತ್ತುವುದು ಮೇಲು. ಮೇಲೆ ನಿಂತರೆ ಊರಿನ ನಕ್ಷೆ ಸ್ಪಷ್ಟವಾಗುತ್ತದೆ: ಹೊಳೆಯಿಂದ ಮೇಲಕ್ಕೆ ಬರುವ ಬೀದಿಗಳು ನೇರ, ಹೆಬ್ಬಾಗಿಲಿನಿಂದ ಹೊರಟು ಚೌಕದತ್ತ. ಇಳಿಸಿದ ಸರಕು ತಡವಿಲ್ಲದೆ ಮಾರುಕಟ್ಟೆ ಸೇರಬೇಕಿತ್ತು. ಹಾದುಹೋಗುವ ವರ್ತಕರು ಇಲ್ಲಿ ತಂಗಿ ಸರಕನ್ನು ಮಾರಾಟಕ್ಕೆ ಇಡಲೇಬೇಕೆಂಬ ಹಕ್ಕು ಊರಿಗಿತ್ತು. ಹೊಳೆಯ ಕೆಳಕ್ಕೆ ಗ್ದಾನ್ಸ್ಕ್ ಬಂದರಿಗೆ ಧಾನ್ಯ, ಮರದ ದಿಮ್ಮಿ. ಮೇಲಕ್ಕೆ ಬಟ್ಟೆ, ಉಪ್ಪು, ಹೆರಿಂಗ್ ಮೀನು. ಹಾನ್ಸಾ ವರ್ತಕ ಒಕ್ಕೂಟದ ಊರು ಇದು. ದೊಡ್ಡ ಮನೆಗಳ ಮೇಲಟ್ಟಗಳೇ ಕಣಜಗಳಾಗಿದ್ದವು.

ಎರಡು ಒಪ್ಪಂದಗಳಿಗೆ ಈ ಊರಿನ ಹೆಸರಿದೆ. 1411ರದು ಪೋಲೆಂಡಿಗೂ ಟ್ಯೂಟಾನಿಕ್ ಪಂಥಕ್ಕೂ ನಡೆದ ಗ್ರುನ್‌ವಾಲ್ಡ್ ಕದನದ ನಂತರದ್ದು. ಗೆದ್ದ ಪೋಲೆಂಡಿಗೆ ಅದರಿಂದ ದಕ್ಕಿದ್ದು ಸ್ವಲ್ಪವೇ. 1466ರ ಅಕ್ಟೋಬರ್ 19ರದು 13 ವರ್ಷದ ಯುದ್ಧವನ್ನು ಮುಗಿಸಿತು. ಗ್ದಾನ್ಸ್ಕ್, ಮಾಲ್ಬೊರ್ಕ್, ಈ ತೊರೂನ್ ಎಲ್ಲವೂ ಪೋಲಿಷ್ ದೊರೆಯ ಕಡೆಗೆ ಬಂದವು; ಟ್ಯೂಟಾನಿಕ್ ಪಂಥದ ಮಹಾಗುರು ದೊರೆಗೆ ಅಧೀನನಾದ. ಆ ಯುದ್ಧಕ್ಕೆ ಕಿಡಿ ಹಚ್ಚಿದ್ದು ನಿನ್ನೆ ನೋಡಿದ ಕೋಟೆಯ ಪತನ, ಅದಕ್ಕೆ ಹಣ ಒದಗಿಸಿದವರು ಈ ಚೌಕದ ಸುತ್ತಲಿನ ಮನೆಗಳವರು. ಅವರಲ್ಲಿ ಕ್ರಾಕೋವ್‌ನಿಂದ ಬಂದು ನೆಲೆಸಿದ ನಿಕೊಲಸ್ ಎಂಬ ವರ್ತಕನೂ ಒಬ್ಬ. ಅವನ ಮಗ 1473ರ ಫೆಬ್ರವರಿ 19ರಂದು ಹುಟ್ಟಿದ ಖಗೋಳವಿಜ್ಞಾನಿ ಕೊಪರ್ನಿಕಸ್.

ಕೊಪರ್ನಿಕಸ್ ಹುಟ್ಟಿದ ಮನೆಯೆಂದು ಮ್ಯೂಸಿಯಂ ಮಾಡಿರುವುದು ಅವನ ಹೆಸರಿನ ಬೀದಿಯ 15ನೆಯ ಸಂಖ್ಯೆಯ ಮನೆ. ಚೌಕದ ಇನ್ನೊಂದು ಮನೆಯೇ ಅದು ಎನ್ನುವ ವಾದವೂ ವಿದ್ವಾಂಸರಲ್ಲಿದೆ. ಎರಡರಲ್ಲಿ ಯಾವುದಾದರೂ ಆಗಲಿ, 15ನೆಯ ಶತಮಾನದ ವರ್ತಕನ ಮನೆ ಹೇಗಿತ್ತು ಎಂಬುದಕ್ಕೆ ಈ ಮನೆಗೆ ಹೋಗಲೇಬೇಕು: ಬೀದಿಗೆ ಕಿರಿದಾದ ಮುಖ, ಒಳಗೆ ಎತ್ತರದ ಹಜಾರ, ಮೇಲೆ ಸರಕಿನ ಅಟ್ಟ. ಚೌಕದಲ್ಲಿ 1853ರಲ್ಲಿ ನಿಲ್ಲಿಸಿದ ಅವನ ಕಂಚಿನ ಪ್ರತಿಮೆಯ ಕೆಳಗೆ ಲ್ಯಾಟಿನ್ ಬರಹವಿದೆ: ಭೂಮಿಯನ್ನು ಚಲಿಸುವಂತೆ ಮಾಡಿದವನು, ಸೂರ್ಯನನ್ನೂ ಆಕಾಶವನ್ನೂ ನಿಲ್ಲಿಸಿದವನು.

ಮಧ್ಯಾಹ್ನದ ಊಟಕ್ಕೆ 'ಹಾಲಿನ ಬಾರ್'. ಮದ್ಯವಿಲ್ಲದ, ಅಗ್ಗದ, ಮನೆಯಡುಗೆಯ ಊಟದ ಮನೆಗಳಿಗೆ ಪೋಲೆಂಡಿನಲ್ಲಿ ಈ ಹೆಸರು. ಮೊದಲು ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯುವುದು, ಕಿಟಕಿಯಲ್ಲಿ ಕೂಗಿದಾಗ ತಟ್ಟೆ ತರುವುದು, ಉಂಡ ಮೇಲೆ ಒಯ್ದು ಕೊಡುವುದು. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಹಸಿ ಗಿಣ್ಣಿನ ಹೂರಣದ 'ಪಿಯೆರೊಗಿ ರುಸ್ಕಿಯೆ' ಧಾರಾಳ ಸಿಗುತ್ತದೆ. ಆಕಾರ ನಮ್ಮ ಕರಿಕಡುಬಿನದು, ಆದರೆ ನೀರಿನಲ್ಲಿ ಬೇಯಿಸಿದ್ದು. ಎಚ್ಚರವಿರಬೇಕಾದದ್ದು ಮೇಲೆ ಸುರಿಯುವ ಹುರಿದ ಹಂದಿಕೊಬ್ಬಿನ ಚೂರುಗಳ ಬಗ್ಗೆ. ಆರ್ಡರ್ ಕೊಡುವಾಗಲೇ 'ಬೆಜ್ ಸ್ಕ್ವಾರೆಕ್' ಎಂದರೆ ಅವು ಬರುವುದಿಲ್ಲ. ಬೀಟ್‌ರೂಟಿನ ಸಾರು ನೋಡಲು ಸಸ್ಯಾಹಾರವಾದರೂ ಅನೇಕ ಕಡೆ ಮಾಂಸ ಬೇಯಿಸಿದ ನೀರಿನದು. ಮಾಂಸ ತಿನ್ನುವವರು 'ಜುರೆಕ್' ಬಿಡಬಾರದು: ರೈ ಎಂಬ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿಸಿ ಮಾಡುವ ಬಿಸಿ ಸಾರು, ಒಳಗೆ ಬಿಳಿ ಸಾಸೇಜು, ಬೇಯಿಸಿದ ಮೊಟ್ಟೆ. ನಾವು ಚೀಟಿ ಹಿಡಿದು ತಪ್ಪು ಕಿಟಕಿಯ ಮುಂದೆ ನಿಂತಿದ್ದಾಗ ಪಕ್ಕದ ಮೇಜಿನ ಅಜ್ಜಿಯೇ ಎದ್ದು ಬಂದು ತಟ್ಟೆ ಕೊಡಿಸಿದರು, ಜೊತೆಗೆ ಬೇಯಿಸಿದ ಹಣ್ಣಿನ ಪಾನಕ ಕುಡಿಯಲೇಬೇಕೆಂದು ಒತ್ತಾಯ ಬೇರೆ.

ಸಂತ ಯೋಹಾನರ ಚರ್ಚಿಗೆ ಎರಡು ಕಾರಣಕ್ಕೆ ಹೋಗಬೇಕು. ಒಂದು, 1500ರಲ್ಲಿ ಎರಕ ಹೊಯ್ದ 'ತೂಬಾ ದೇಯಿ' ಗಂಟೆ. ಏಳು ಟನ್ನಿಗೂ ಮಿಗಿಲಾದ ತೂಕ. ಕ್ರಾಕೋವ್‌ನ ಸಿಗಿಸ್ಮಂಡ್ ಗಂಟೆ ಬರುವತನಕ, ಅಂದರೆ ಎರಡು ದಶಕ, ಪೋಲೆಂಡಿನಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ. ದೊಡ್ಡ ಹಬ್ಬಗಳಂದು ಮಾತ್ರ ಬಾರಿಸುತ್ತಾರೆ. ಇನ್ನೊಂದು, ಗೋಪುರದ ಹೊಳೆಬದಿಯ ಗಡಿಯಾರ. ಅದಕ್ಕೆ ಒಂದೇ ಮುಳ್ಳು. ದಿಮ್ಮಿಗಳ ತೆಪ್ಪ ನಡೆಸಿಕೊಂಡು ಬರುವವರಿಗೆ ನಡುಹೊಳೆಯಿಂದ ಹೊತ್ತು ಕಾಣಲೆಂದು ಇಟ್ಟದ್ದು. ಗಂಟೆ ತಿಳಿದರೆ ಅವರಿಗೆ ಸಾಕಿತ್ತು, ನಿಮಿಷದ ಮುಳ್ಳು ಬೇಕಿರಲಿಲ್ಲ. ಚೌಕದ ಕಾರಂಜಿಯಲ್ಲಿ ಪಿಟೀಲು ಹಿಡಿದು ನಿಂತವನೂ ಇಂಥ ತೆಪ್ಪದವನೇ. ಊರನ್ನು ಮುತ್ತಿದ್ದ ಕಪ್ಪೆಗಳನ್ನು ಪಿಟೀಲು ನುಡಿಸಿ ಹೊರಗೆ ಕರೆದೊಯ್ದನೆಂಬುದು ಕಥೆ.

ಅಲ್ಲಿಂದ ವಾಲುಗೋಪುರಕ್ಕೆ ಎರಡು ಬೀದಿ. ಎತ್ತರ ಸುಮಾರು 15 ಮೀಟರ್, ತುದಿ ಸುಮಾರು ಒಂದೂವರೆ ಮೀಟರ್ ಹೊರಕ್ಕೆ. ಕೋಟೆಗೋಡೆಯ ಬುರುಜಾಗಿದ್ದಾಗ ಊರಿನ ಕಡೆಗೆ ಗೋಡೆಯೇ ಇಲ್ಲದೆ ತೆರೆದಿತ್ತು. ಮೂರು ಗೋಡೆಯ ಭಾರಕ್ಕೆ ಕೆಳಗಿನ ಸಡಿಲ ನೆಲ ಒಂದು ಕಡೆ ಕುಸಿಯಿತು. ನಾಲ್ಕನೆಯ ಗೋಡೆ ಕಟ್ಟಿ, ಒಳಗಿನ ನೆಲ ಮಟ್ಟ ಮಾಡಿದ್ದು ಬಹಳ ಕಾಲದ ಮೇಲೆ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ಕೈ ಮುಂದೆ ಚಾಚಿ ನಿಲ್ಲಲು ಎಲ್ಲರೂ ಯತ್ನಿಸುತ್ತಾರೆ. ಪಾಪ ಮಾಡದವರಿಗೆ ಮಾತ್ರ ಸಾಧ್ಯ ಎಂದು ಊರವರು ಹೇಳುತ್ತಾರೆ. ಗೋಡೆ ಮುಂದಕ್ಕೆ ವಾಲಿರುವುದರಿಂದ ದೇಹದ ಭಾರಕೇಂದ್ರ ಪಾದದ ಆಚೆ ಹೋಗುತ್ತದೆ, ಯಾರೂ ನಿಲ್ಲಲಾರರು.

ಈ ಊರಿನ ಹೆಸರು ಪೋಲೆಂಡಿನ ಮನೆಮನೆಯಲ್ಲಿ ಇರುವುದು ಮಾತ್ರ 'ಪಿಯೆರ್ನಿಕ್'ನಿಂದ. ಜೇನು, ಹಿಟ್ಟು, ಮಸಾಲೆಯ ಬಿಸ್ಕತ್ತು. ಸುತ್ತಲಿನ ಫಲವತ್ತಾದ ಹೊಲಗಳಿಂದ ಹಿಟ್ಟು, ಕಾಡಿನಿಂದ ಜೇನು. ಶುಂಠಿ, ಲವಂಗ, ಚಕ್ಕೆ, ಏಲಕ್ಕಿ, ಜಾಯಿಕಾಯಿ, ಕರಿಮೆಣಸು ದೂರದವು. ಮೆಣಸು, ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ ಬೆಳೆ. ಕರಾವಳಿಯಲ್ಲಿ ಹಡಗು ಹತ್ತಿದ್ದು ಕೈಯಿಂದ ಕೈಗೆ ದಾಟುತ್ತ ಕೊನೆಗೆ ಹಾನ್ಸಾ ವರ್ತಕರ ಮೂಲಕ ಇಲ್ಲಿಗೂ ಬರುತ್ತಿತ್ತು. ಸ್ತ್ರುಮಿಕೋವಾ ಬೀದಿಯ ಮ್ಯೂಸಿಯಂ ಹಿಂದೆ ಗುಸ್ತಾಫ್ ವೇಝೆಯ ಬಿಸ್ಕತ್ತು ಕಾರ್ಖಾನೆಯಾಗಿತ್ತು. ಅಲ್ಲಿರುವ ಮರದ ಅಚ್ಚುಗಳೇ ನೋಡುವಂಥವು: ರಾಜ, ಸಾರೋಟು, ಹೃದಯ, ಬಟ್ಟೆ ಸುತ್ತಿದ ಕೂಸು, ಎಲ್ಲವೂ ತಿರುಗುಮುರುಗಾಗಿ ಕೆತ್ತಿದ್ದು.

ಅಲ್ಲಿ ಕೈಯಾರೆ ಮಾಡಲು ಬಿಡುತ್ತಾರೆ. ಜೇನನ್ನು ತೆಳುವಾಗುವಷ್ಟು ಮಾತ್ರ ಬಿಸಿ ಮಾಡಿ ಮಸಾಲೆ ಬೆರೆಸುತ್ತಾರೆ, ರೈ ಮತ್ತು ಗೋಧಿ ಹಿಟ್ಟು ಸೇರಿಸಿ ನಾದುತ್ತಾರೆ. ಹಿಂದಿನ ಕಾಲದಲ್ಲಿ ಆ ಕಣಕವನ್ನು ತಂಪಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಗಲು ಬಿಡುತ್ತಿದ್ದರು; ಮಗಳು ಹುಟ್ಟಿದಾಗ ಕಲಸಿಟ್ಟ ಕಣಕ ಅವಳ ಮದುವೆಗೆ ಬೇಯುತ್ತಿತ್ತು ಎಂದೂ ಹೇಳುತ್ತಾರೆ. ಅಚ್ಚಿಗೆ ಎಣ್ಣೆ ಸವರಿ, ಕಣಕವನ್ನು ಮೂಲೆಮೂಲೆಗೂ ಹೆಬ್ಬೆರಳಿನಿಂದ ಒತ್ತಬೇಕು. ಎಣ್ಣೆ ಕಡಿಮೆಯಾದರೆ ಗೆರೆಗಳಲ್ಲಿ ಅಂಟಿ ಹರಿಯುತ್ತದೆ; ದಪ್ಪವಾದರೆ ಬೇಯುವಾಗ ಉಬ್ಬಿ ಚಿತ್ರ ಮಸುಕಾಗುತ್ತದೆ. ಚಿತ್ರದ ಬಿಸ್ಕತ್ತಿಗೆ ಉಬ್ಬಿಸುವ ಪುಡಿ ಹಾಕದಿರುವುದು ಇದಕ್ಕೇ. ಅದು ಕಲ್ಲಿನಷ್ಟು ಗಟ್ಟಿ, ಗೋಡೆಗೆ ತೂಗುಹಾಕಲು. ತಿನ್ನಲು ಬೇಕಾದವರು ಮೆತ್ತನೆಯದನ್ನೇ ಕೇಳಿ ಕೊಳ್ಳಬೇಕು. ಆರು ದುಂಡುಗಳನ್ನು ಜೋಡಿಸಿದಂತಿರುವ 'ಕತರ್ಜಿಂಕಾ' ಇಲ್ಲಿನ ಹಳೆಯ ಆಕಾರ. ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬಕ್ಕೆ ಕ್ರಿಸ್‌ಮಸ್ ಬಿಸ್ಕತ್ತಿನ ಕೆಲಸ ಶುರುವಾಗುತ್ತಿತ್ತು. ಮನೆಗೆ ತಂದದ್ದು ಗಟ್ಟಿಯಾದರೆ ಡಬ್ಬಿಯಲ್ಲಿ ಸೇಬಿನ ಸಿಪ್ಪೆಯೊಂದಿಗೆ ಒಂದು ರಾತ್ರಿ ಇಡಿ, ಮೆತ್ತಗಾಗುತ್ತದೆ. ಸಿಪ್ಪೆಯನ್ನು ಅಲ್ಲೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಮೂರನೆಯ ದಿನ: ಹೊಸ ಊರು, ಸುಣ್ಣ ಮತ್ತು ಮರದ ಬಡಾವಣೆ

1264ರಲ್ಲಿ ಹುಟ್ಟಿದ ಬಡಾವಣೆಗೆ ಇಂದಿಗೂ 'ಹೊಸ ಊರು' ಎಂದೇ ಹೆಸರು. ಹಳೇ ಊರು ವರ್ತಕರದು, ಇದು ಕಸುಬುದಾರರದು. ಎರಡೂ ಒಂದಾದದ್ದು ಕೋಟೆ ಬಿದ್ದ 1454ರಲ್ಲೇ. ಇಲ್ಲಿನ ಸಂತ ಯಾಕೋಬನ ಚರ್ಚು 1309ರಲ್ಲಿ ಶುರುವಾದದ್ದು. ಹೊಳಪು ಲೇಪದ ಇಟ್ಟಿಗೆಗಳನ್ನು ಕಿಟಕಿ ಅಂಚಿಗೆ ಸಾಲಾಗಿ ಇಟ್ಟ ಅಂದ ನೋಡಬೇಕೆಂದರೆ ಇದೇ ಜಾಗ.

ಹಿಂದಕ್ಕೆ ಬಂದು ಸಂತ ಮೇರಿಯ ಚರ್ಚು ನೋಡಿ. ಬಡತನದ ವ್ರತ ತೊಟ್ಟ ಫ್ರಾನ್ಸಿಸ್ಕನ್ ಸನ್ಯಾಸಿಗಳದಾದ್ದರಿಂದ ಇದಕ್ಕೆ ಗೋಪುರವಿಲ್ಲ. 16ನೆಯ ಶತಮಾನದ ನಡುವಿನಿಂದ ಊರು ಬಹುಮಟ್ಟಿಗೆ ಲೂಥರನ್ (ಪ್ರೊಟೆಸ್ಟೆಂಟ್) ಪಂಥಕ್ಕೆ ಸೇರಿತ್ತು, ಈ ಚರ್ಚೂ ಅವರದಾಗಿತ್ತು. ದೊರೆ ಮೂರನೆಯ ಸಿಗಿಸ್ಮಂಡನ ಲೂಥರನ್ ತಂಗಿ ಅನ್ನಾ ವಾಸಾಳ ಸಮಾಧಿ ಇಲ್ಲಿದೆ. 1645ರಲ್ಲಿ ದೊರೆ ನಾಲ್ಕನೆಯ ವ್ವಾದಿಸ್ವಾಫ್ ಕ್ಯಾಥೊಲಿಕ್, ಲೂಥರನ್, ಕ್ಯಾಲ್ವಿನಿಸ್ಟ್ ಪಂಡಿತರನ್ನು ಇದೇ ಊರಿಗೆ ಕರೆಸಿ ಕೂತು ಮಾತಾಡಿ ಎಂದ. ಒಪ್ಪಂದವೇನೂ ಆಗಲಿಲ್ಲ, ಆದರೆ ಆ ಕಾಲದ ಯೂರೋಪಿನಲ್ಲಿ ಕೂರಿಸಿ ಮಾತಾಡಿಸಿದ್ದೇ ದೊಡ್ಡದು. 1724ರಲ್ಲಿ ಅದೇ ಊರಿನಲ್ಲಿ ಮೆರವಣಿಗೆಯ ಜಗಳ ಬೆಳೆದು ಜೆಸುಯಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಶಾಲೆಯ ಮೇಲೆ ದಾಳಿಯಾಯಿತು. ಅದಕ್ಕೆ ಶಿಕ್ಷೆಯೆಂದು ಡಿಸೆಂಬರ್ 7ರಂದು ಲೂಥರನ್ ಪುರಾಧ್ಯಕ್ಷ ರ್ಯೋಸ್ನರ್‌ನನ್ನೂ ಇನ್ನು ಒಂಬತ್ತು ಜನರನ್ನೂ ಕೊಂದರು, ಈ ಚರ್ಚನ್ನು ಕಿತ್ತುಕೊಂಡರು. ತೊರೂನ್ ಬಗ್ಗೆ ಅಕ್ಕರೆಯಿಂದ ಬರೆಯುವವರು ಬಿಟ್ಟುಬಿಡುವ ಪುಟ ಇದು, ಬಿಡಬಾರದು.

1793ರಲ್ಲಿ ಪ್ರಷ್ಯಾ ಬಂತು. ನಡುವೆ ನೆಪೋಲಿಯನ್ ಕಾಲದ ಕೆಲವು ವರ್ಷ ಬಿಟ್ಟರೆ 1920ರ ಜನವರಿ 18ರವರೆಗೆ ಊರು ಅದರದೇ ಕೈಯಲ್ಲಿತ್ತು. ರಷ್ಯಾ ಸಾಮ್ರಾಜ್ಯದ ಗಡಿ ಹೊಳೆಯ ಮೇಲ್ಬದಿಯಲ್ಲಿ ಹತ್ತಿರದಲ್ಲೇ ಇತ್ತು. ಅದಕ್ಕೆಂದೇ ಸುತ್ತಲೂ ಮಣ್ಣು ಮುಚ್ಚಿದ ಇಟ್ಟಿಗೆ ಕೋಟೆಗಳ ಉಂಗುರ ಕಟ್ಟಿದರು. ನಾಲ್ಕನೆಯ ಸಂಖ್ಯೆಯದರಲ್ಲಿ ಈಗ ತಂಗಲು ಕೋಣೆಗಳಿವೆ. ಒಳಗೆ ವರ್ಷವಿಡೀ ತಂಪು, ಟಾರ್ಚು ಮತ್ತು ಸ್ವೆಟರ್ ಬೇಕು. ಏಳನೆಯದನ್ನು 1939ರಲ್ಲಿ ನಾಜಿಗಳು ಸೆರೆಮನೆ ಮಾಡಿಕೊಂಡರು. ಶಿಕ್ಷಕರು, ಪಾದ್ರಿಗಳು, ಊರಿನ ಮುಂದಾಳುಗಳನ್ನು ಅಲ್ಲಿಂದ ಉತ್ತರದ ಬಾರ್ಬಾರ್ಕಾ ಕಾಡಿಗೆ ಒಯ್ದು ಗುಂಡಿಕ್ಕಿದರು. ಕಾಡಿನಲ್ಲಿ ಸ್ಮಾರಕವಿದೆ. ಹಳೇ ಊರಿನ ಕಟ್ಟಡಗಳು ಯುದ್ಧದಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದವು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಮರುಕಟ್ಟಿದ ಊರಲ್ಲ, ಮೂಲದ್ದೇ. ಜನ ಹಾಗೆ ಉಳಿಯಲಿಲ್ಲ. 1945ರಲ್ಲಿ ಇಲ್ಲಿ ಹುಟ್ಟಿದ ಕೊಪರ್ನಿಕಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಾಪಕರಲ್ಲಿ ಅನೇಕರು ಸೋವಿಯತ್ ಪಾಲಾದ ವಿಲ್ನೊ (ಈಗಿನ ಲಿಥುವೇನಿಯಾದ ವಿಲ್ನಿಯಸ್) ನಗರದಿಂದ ಮನೆಮಠ ಬಿಟ್ಟು ಬಂದವರು.

ಸೋಮವಾರದ ಮಧ್ಯಾಹ್ನಕ್ಕೆ ಹೊಂದುವ ಜಾಗ ಪಶ್ಚಿಮದ ಬಿಡ್ಗೋಷ್ಚ್ ಬಡಾವಣೆ. ಪ್ರವಾಸಿಗರು ಕಡಿಮೆ, ಟಿಕೆಟ್ಟಿಲ್ಲ, ಚೌಕದಿಂದ ಕಾಲು ಗಂಟೆಯ ನಡಿಗೆ. ಇಲ್ಲಿ ನೂರಾರು ವರ್ಷದ ಇಟ್ಟಿಗೆಯ ಊರು ಒಮ್ಮೆಲೇ ಮರದ್ದಾಗುತ್ತದೆ. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿದ ಮನೆಗಳು, ಕೆತ್ತನೆಯ ಜಗಲಿಗಳು, ಸಣ್ಣ ಗೋಪುರಗಳು. ಅಂದಕ್ಕಾಗಿ ಮಾತ್ರ ಹೀಗೆ ಕಟ್ಟಿದ್ದಲ್ಲ, ಸೈನ್ಯದ ಕಟ್ಟಳೆ. ಕೋಟೆಯ ಫಿರಂಗಿಗಳಿಗೆ ಅಡ್ಡ ಬರುವ ಜಾಗದಲ್ಲಿ ಮನೆ ಕಟ್ಟುವುದಾದರೆ ಯುದ್ಧ ಬಂದಾಗ ಬೇಗ ಕೆಡವುವಂತಿರಬೇಕಿತ್ತು.

ಹಾಗೆ ತಾತ್ಕಾಲಿಕವೆಂದು ಕಟ್ಟಿದವು ಇನ್ನೂ ನಿಂತಿವೆ, ಕೆಲವು ಹೊಸ ಬಣ್ಣದಲ್ಲಿ, ಕೆಲವು ಹಲಗೆ ಬಡಿದ ಕಿಟಕಿಗಳೊಂದಿಗೆ. ಒಂದು ಮನೆಯ ಮುಂದೆ ಚೌಕಟ್ಟಿನ ತಳದ ತೊಲೆ ಬದಲಿಸುತ್ತಿದ್ದ ಬಡಗಿ ತೋರಿಸಿದ್ದು ಇಷ್ಟು: ಮಳೆನೀರು ಸಿಡಿದು ಮೊದಲು ಕೊಳೆಯುವುದು ಈ ತಳದ ತೊಲೆ. ಹಿಂದಿನವರು ಸಂದಿಗಳನ್ನು ಉಸಿರಾಡುವ ಸುಣ್ಣದ ಗಾರೆಯಿಂದ ಮುಚ್ಚುತ್ತಿದ್ದರು, ಆಮೇಲಿನವರು ಸಿಮೆಂಟು ಬಳಿದರು. ಸಿಮೆಂಟಿನ ಹಿಂದೆ ತೇವ ಸಿಕ್ಕಿಕೊಂಡು ಮರ ಒಳಗಿಂದ ಪುಡಿಯಾಯಿತು. ಈಗ ಒಂದೊಂದು ಮನೆಯಲ್ಲೂ ಮೊದಲ ಕೆಲಸ ಆ ಸಿಮೆಂಟು ಕೆತ್ತಿ ತೆಗೆಯುವುದು, ಆಮೇಲೆ ತೊಲೆ, ಕೊನೆಗೆ ಮತ್ತೆ ಸುಣ್ಣ.